ಗುರುಲಿಂಗವ್ವ ಕಂಪ್ಯೂಟರಿಗೆ ಕಟ್ಟೆ ಕಟ್ಟಿದ್ದು

ಹುನಗುಂದದ ತಾಲೂಕು ಕಚೇರಿಯೆದುರು ಒಂದು ಬೇವಿನ ಮರ. ಅದರ ಕೆಳಗೆ, ಮಡಚುವ ಮೇಜಿನ ಮೇಲೆ ಹಳೆಯ ಟೈಪರೈಟರ್ ಇಟ್ಟುಕೊಂಡು ಗುರುಲಿಂಗವ್ವ ವರ್ಷಗಟ್ಟಲೆ ಊರವರ ಅಹವಾಲು ಟೈಪು ಮಾಡಿದಳು. ಹೊಲದ ಬದು ಒತ್ತಿದವರು, ಒತ್ತಿಸಿಕೊಂಡವರು, ರೇಷನ್ ಕಾರ್ಡಿನಲ್ಲಿ ಗಂಡನ ಜಾಗದಲ್ಲಿ ಮಾವನ ಹೆಸರು ಬಿದ್ದು ಕಂಗಾಲಾದವರು, ಎಲ್ಲರೂ ಆಕೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು. ಮೇಲಿನ ಕೊಂಬೆಯ ಕಾಗೆಗಳು ಎಲ್ಲವನ್ನೂ ಕೇಳಿಸಿಕೊಂಡು ತಮ್ಮ ಅಭಿಪ್ರಾಯವನ್ನು ನೇರವಾಗಿ ಹಾಳೆಯ ಮೇಲೆಯೇ ಹಾಕುತ್ತಿದ್ದವು. ನೆರಳು ಸರಿದಂತೆ ಮೇಜೂ ಸರಿಯಬೇಕು. ಬೆಳಿಗ್ಗೆ ಕಚೇರಿಯ ಬಾಗಿಲಿಗೆ ಮುಖ ಮಾಡಿದ್ದವಳು ಸಂಜೆಯ ಹೊತ್ತಿಗೆ ಇಮಾಮಸಾಬನ ಚಹಾದಂಗಡಿಯ ಒಲೆಗೆ ಮುಖ ಮಾಡಿರುತ್ತಿದ್ದಳು. ‘ಮಾನ್ಯರೇ’ ಎಂದು ಎಷ್ಟು ಸಲ ಟೈಪು ಮಾಡಿದ್ದಳೆಂದರೆ, ಮನೆಯಲ್ಲಿ ಬೆಕ್ಕನ್ನು ಅಟ್ಟುವಾಗಲೂ ಬಾಯಿಗೆ ಅದೇ ಬರುತ್ತದೆಂದು ಅವಳ ತಾಯಿ ರಂಗವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇಂಥ ಗುರುಲಿಂಗವ್ವನಿಗೆ 1988ರಲ್ಲಿ ರಾಜ್ಯಾಭಿಷೇಕವಾಯಿತು. ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ಬಿಜಾಪುರದ ಇಲಾಖೆಯವರು ಒಂದು ಕಂಪ್ಯೂಟರ್ ಕೊಟ್ಟರು. ಕಂಪ್ಯೂಟರ್ ನಡೆಸಲು ಕನ್ನಡ, ಇಂಗ್ಲಿಷು ಎರಡೂ ಟೈಪಿಂಗ್ ಪಾಸಾದವರು ಬೇಕಾಗಿತ್ತು. ನೇಮಕದ ಆದೇಶದಲ್ಲಿ ‘ಸದರಿ ಯಂತ್ರವು ಸಂಘದಲ್ಲಿ ಇರುವವರೆಗೆ ಮಾತ್ರ’ ಎಂಬ ಸಾಲಿತ್ತು. ಅಂಥ ಸಾಲುಗಳನ್ನು ಬೇರೆಯವರಿಗಾಗಿ ಸಾಕಷ್ಟು ಟೈಪು ಮಾಡಿದ್ದ ಗುರುಲಿಂಗವ್ವ ಅದರ ಅರ್ಥವನ್ನು ಚೆನ್ನಾಗಿ ಬಲ್ಲಳು. ಮೇಜನ್ನು ಮಾರಲಿಲ್ಲ. ಮಡಚಿ ಇಮಾಮಸಾಬನ ಅಂಗಡಿಯ ಹಿಂದೆ ಗೋಡೆಗೆ ಆನಿಸಿಟ್ಟು, ಇಳಕಲ್ಲಿನ ಬಸ್ಸು ಹತ್ತಿದಳು.

ಅಲ್ಲಿ ಅವಳಿಗಾಗಿ ಕೈಯಿರುವ ಕುರ್ಚಿ ಕಾದಿತ್ತು. ತಲೆಯ ಮೇಲೆ ಕಾಗೆಯಿರಲಿಲ್ಲ, ಫ್ಯಾನು ಇತ್ತು.

ಯಂತ್ರದ ಪುರಪ್ರವೇಶವನ್ನು ಇಳಕಲ್ಲಿನವರು ಈಗಲೂ ನೆನೆಯುತ್ತಾರೆ. ಟೆಂಪೊದಿಂದ ಇಳಿಸಿ ಒಳಗೆ ತರುವಾಗ ಬಾಗಿಲಲ್ಲಿ ಆರತಿ ಎತ್ತಿದರು. ಸಂಘದ ಚೇರಮನ್ ಮುತ್ತಪ್ಪನವರು ಗಾಜಿನ ಪರದೆಯ ಮೇಲೆ ಅಡ್ಡಡ್ಡ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಎದುರಿಗೇ ಕಾಯಿ ಒಡೆದರು. ಹುಬ್ಬಳ್ಳಿಯಿಂದ ಬಂದಿದ್ದ ಎಂಜಿನಿಯರ್, ರಣರಂಗದಲ್ಲಿ ಒಡೆಯನಿಗೆ ಬಂದ ಬಾಣಕ್ಕೆ ಎದೆಯೊಡ್ಡುವ ಬಂಟನಂತೆ, ಕಂಪ್ಯೂಟರಿನ ಮೇಲೆ ಮೈಚಾಚಿ ಕಾಯಿಯ ನೀರನ್ನೆಲ್ಲ ತನ್ನ ಅಂಗಿಯ ಮೇಲೆ ತೆಗೆದುಕೊಂಡ. ಮರುದಿನದಿಂದ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದರು. ನೂಲಿನ ಗೋದಾಮು ನೋಡಿಕೊಳ್ಳುತ್ತಿದ್ದ ಸಾವಂತ್ರವ್ವ ಒಬ್ಬಳೇ ಬಾಗಿಲಲ್ಲೇ ನಿಂತು, ಇದು ನೂಲು ಸುತ್ತುತ್ತದೆಯೇ ಎಂದು ಕೇಳಿದಳು. ಇಲ್ಲವೆಂದರು. ಹಾಗಾದರೆ ಕುಳಿತು ತಿನ್ನುವ ಅಳಿಯನಂತೆ ಇದೂ ಒಂದು ಎಂದು ಹೇಳಿ ಗೋದಾಮಿಗೆ ಹೋದಳು.

ಎಂಜಿನಿಯರ್ ಗುರುಲಿಂಗವ್ವನಿಗೆ ಎರಡು ಮಧ್ಯಾಹ್ನ ಪಾಠ ಹೇಳಿದ. ಗುಂಡಿ ಒತ್ತಿ ಯಂತ್ರವನ್ನು ಎಬ್ಬಿಸಿದರೆ ಹಸಿರು ಅಕ್ಷರಗಳಲ್ಲಿ ಒಂದು ಪಟ್ಟಿ ಬರುತ್ತದೆ. ಹೋಟೆಲಿನ ತಿಂಡಿಪಟ್ಟಿಗೆ ಹೇಳುವಂತೆ ಅದಕ್ಕೆ ಮೆನು ಎನ್ನುತ್ತಾರೆ. ಬೇಕಾದುದರ ಸಂಖ್ಯೆ ಒತ್ತಿದರೆ ಆ ಕೆಲಸ ತೆರೆದುಕೊಳ್ಳುತ್ತದೆ. ಮಾತು ಸರಳವಾಗಿತ್ತು, ಪಟ್ಟಿ ಸರಳವಾಗಿರಲಿಲ್ಲ. ಮೊದಲು ಎಲ್ಲೆಲ್ಲಿ ಏನೇನು ಹಾಕಿದ್ದನೋ ಅದನ್ನೆಲ್ಲ ಎಂಜಿನಿಯರ್ ಇಲ್ಲಿಯೂ ಸುರಿದಿದ್ದ. ನೂಲಿನ ದಾಸ್ತಾನು, ಅದರ ಕೆಳಗೆ ಯಾವುದೋ ದವಾಖಾನೆಯ ಔಷಧದ ದಾಸ್ತಾನು, ಅದರ ಕೆಳಗೆ ಪತ್ರ ಬರೆಯುವುದು, ಆಮೇಲೆ ಪಂಚಾಂಗದಂಥದ್ದೊಂದು, ಕೂಡು-ಕಳೆ ಮಾಡುವುದು, ಬಣ್ಣದ ದಾಸ್ತಾನು, ನಡುವೆಲ್ಲೋ ಒಂದು ಆಟ. ಪರದೆಗಿಂತ ಪಟ್ಟಿಯೇ ಉದ್ದವಾದ್ದರಿಂದ ತಲೆಯ ಭಾಗ ಮೇಲೆ ಹಾರಿಹೋಗಿ, ನೋಡುವವರಿಗೆ ಬಾಲವೊಂದೇ ಸಿಗುತ್ತಿತ್ತು. ನೂಲು ಹುಡುಕಲು ಹೋದವರು ಕೆಮ್ಮಿನ ಔಷಧದಲ್ಲಿ ಹೊಕ್ಕು ಹೊರಬರಲಾಗದೆ ಗುರುಲಿಂಗವ್ವನನ್ನು ಕೂಗುತ್ತಿದ್ದರು.

ಕೆಲವು ತಿಂಗಳು ಹೀಗೇ ನಡೆಯಿತು. ಯಾರಿಗೆ ಏನು ಬೇಕಾದರೂ ಗುರುಲಿಂಗವ್ವನೇ ತೆಗೆದುಕೊಡಬೇಕು. ಗುಡಿಯ ಪೂಜಾರಿಯ ಗತ್ತು ಅವಳಿಗೂ ಸ್ವಲ್ಪ ಬಂದಿತ್ತು. ಅಷ್ಟರಲ್ಲಿ ಬಿಜಾಪುರದಿಂದ ಪತ್ರ ಬಂತು: ಯಂತ್ರವನ್ನು ಸಂಘದ ಎಲ್ಲ ಸಿಬ್ಬಂದಿ ಬಳಸುತ್ತಿದ್ದಾರೆಯೇ ಎಂದು ನೋಡಲು ಸಾಹೇಬರು ಬರುತ್ತಾರೆ, ಬಳಸದ ಕಡೆಯಿಂದ ಯಂತ್ರವನ್ನು ಬೇಕೆಂದು ಕೇಳಿದವರಿಗೆ ವರ್ಗಾಯಿಸಲಾಗುವುದು. ಕೇಳಿದವರು ಗುಳೇದಗುಡ್ಡದ ಖಣ ನೇಯುವವರೆಂದು ಗೊತ್ತಾದಾಗ ಮುತ್ತಪ್ಪನವರ ಮೀಸೆ ತಾನಾಗಿ ಎದ್ದು ನಿಂತಿತು. ಸೀರೆಯ ಊರಿನಿಂದ ಕುಪ್ಪಸದ ಊರಿಗೆ ಕಂಪ್ಯೂಟರ್ ಹೋಗುವುದೆಂದರೆ ಅವರ ಕಣ್ಣಿಗೆ ಅದು ಕೋಟೆ ಬಿದ್ದಷ್ಟೇ ದೊಡ್ಡ ಸೋಲು. ಗುರುಲಿಂಗವ್ವನ ಕಣ್ಣಿಗೆ ಮಾತ್ರ ಕೋಟೆ ಕಾಣಲಿಲ್ಲ. ಬೇವಿನ ಮರ ಕಂಡಿತು, ಕೊಂಬೆಯ ಮೇಲೆ ಸಾಲಾಗಿ ಕುಳಿತ ಕಾಗೆಗಳು ಕಂಡವು.

ಅವಳು ಮೆನುವಿಗೆ ಕೈ ಹಚ್ಚಿದಳು. ಪರದೆಯ ಮೇಲೆ ಕಾಣುವ ಪಟ್ಟಿ ನಿಜವಾಗಿ ಒಂದು ಟೈಪು ಮಾಡಿದ ಹಾಳೆ; ಒಂದೊಂದು ಸಂಖ್ಯೆಯ ಹಿಂದೆ ಒಂದೆರಡು ಸಾಲಿನ ಅಪ್ಪಣೆ ಇರುತ್ತದೆ, ಅಷ್ಟೇ. ಹಾಳೆಯನ್ನು ಒಡೆದು ಹಲವು ಹಾಳೆ ಮಾಡಬಹುದು. ಒಂದು ಹಾಳೆಯ ಸಂಖ್ಯೆ ಒತ್ತಿದರೆ ಕೆಲಸದ ಬದಲು ಇನ್ನೊಂದು ಚಿಕ್ಕ ಹಾಳೆ ಬರುವಂತೆ ಮಾಡಬಹುದು. ಇಷ್ಟನ್ನು ಎಂಜಿನಿಯರ್ ಹೇಳಿಕೊಟ್ಟಿದ್ದ. ಯಾವ ಹಾಳೆಯಲ್ಲಿ ಏನಿರಬೇಕೆಂದು ಮಾತ್ರ ಹೇಳಿರಲಿಲ್ಲ.

ಗುರುಲಿಂಗವ್ವ ಸಂಘದವರ ಮಾತಿಗೆ ಕಿವಿಗೊಟ್ಟಳು. ಆ ಕಚೇರಿಯಲ್ಲಿ ಯಾರೂ ‘ಬಣ್ಣದ ವಿಭಾಗ’ ಎನ್ನುತ್ತಿರಲಿಲ್ಲ. ನಬಿಸಾಬರನ್ನು ಕೇಳು ಎನ್ನುತ್ತಿದ್ದರು. ‘ನೂಲಿನ ಗೋದಾಮು’ ಎನ್ನುತ್ತಿರಲಿಲ್ಲ. ಸಾವಂತ್ರವ್ವನ ಹತ್ತಿರ ಹೋಗು ಎನ್ನುತ್ತಿದ್ದರು. ಹಾಗಿದ್ದ ಮೇಲೆ ಕಂಪ್ಯೂಟರಿನಲ್ಲೂ ಮನುಷ್ಯರ ಹೆಸರೇ ಇದ್ದರಾಯಿತು. ನಬಿಸಾಬ ಎಂದು ಒತ್ತಿದರೆ ಬಣ್ಣದ ಕೆಲಸಗಳೆಲ್ಲ ಒಂದೇ ಕಡೆ, ಸಾವಂತ್ರವ್ವ ಎಂದು ಒತ್ತಿದರೆ ನೂಲಿನವೆಲ್ಲ ಒಂದೇ ಕಡೆ. ಕನ್ನಡ ಬಾರದ ಯಂತ್ರಕ್ಕೆ ಇಂಗ್ಲಿಷು ಅಕ್ಷರಗಳಲ್ಲಿ ಹೆಸರು ಟೈಪು ಮಾಡಿ, ದವಾಖಾನೆಯ ಔಷಧವನ್ನು ಅಳಿಸಿಹಾಕಿ, ಎಲ್ಲರನ್ನೂ ಕರೆದು ತೋರಿಸಿದಳು. ತಮ್ಮ ಹೆಸರು ಹಸಿರಾಗಿ ಹೊಳೆಯುವುದನ್ನು ನೋಡಿ ಎಲ್ಲರೂ ಸಂತೋಷಪಟ್ಟರು. ಬಣ್ಣದ ನಬಿಸಾಬರು ಕೈಯ ನೀಲಿಯನ್ನು ಒರೆಸಿಕೊಂಡು ಬಂದು ಗಾಜಿಗೊಂದು ಸಲಾಮು ಹೊಡೆದರು.

ಚೇರಮನ್ನರು ಮಾತ್ರ ಗಂಟಲು ಸರಿಮಾಡಿಕೊಂಡರು. ತಮ್ಮ ಹೆಸರು ಎಲ್ಲಿ ಎಂದು ಕೇಳಿದರು. ಅವರು ಕಂಪ್ಯೂಟರಿನಲ್ಲಿ ಮಾಡುತ್ತಿದ್ದುದು ಒಂದೇ ಕೆಲಸ: ರಸ್ತೆಯಲ್ಲಿ ಕತ್ತೆಗಳು ಅಡ್ಡ ಬರುತ್ತವೆ, ಕಾರು ತಪ್ಪಿಸಿಕೊಂಡು ಹೋಗಬೇಕು, ಆ ಆಟ. ಅಮೀನಗಡದ ದಾರಿಯಲ್ಲಿ ಸ್ಕೂಟರ್ ಹೊಡೆದ ಅನುಭವದಿಂದ ಅವರು ಅದರಲ್ಲಿ ಅಸಾಧ್ಯ ನೈಪುಣ್ಯ ಗಳಿಸಿದ್ದರು. ಮಾನ ಎಂದರೆ ಮಾನವೇ. ಮೊದಲನೆಯ ಸಾಲಿನಲ್ಲಿ ಮುತ್ತಪ್ಪ ಎಂದು ಹಾಕಿ, ಅದರ ಹಿಂದೆ ಇಡಲು ಬೇರೇನೂ ಸಿಗದೆ, ಗುರುಲಿಂಗವ್ವ ಆ ಆಟವನ್ನು ಇಟ್ಟಳು. ಬಾದಾಮಿಯ ಬಂಡೆಗಳ ಮೇಲೆ ಹೆಸರು ಕೆತ್ತಿಸಿದ ಅರಸರಿಗೆ ಒಂದು ಅನುಕೂಲವಿತ್ತು: ಆ ಹೆಸರುಗಳನ್ನು ಯಾರಾದರೂ ಒತ್ತಿದರೆ ಏನೂ ತೆರೆದುಕೊಳ್ಳುತ್ತಿರಲಿಲ್ಲ.

ಸಾಹೇಬರು ಬಂದ ದಿನ ನಬಿಸಾಬರು ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಮರೋಳಕ್ಕೆ ಹೋಗಿದ್ದರು. ಸಾಹೇಬರು ಸಣ್ಣ ಆಳು, ದೊಡ್ಡ ಕನ್ನಡಕ, ಮೆತ್ತಗಿನ ಮಾತು. ಚಹಾ ಕುಡಿದು, ಬಣ್ಣ ಎಷ್ಟು ಉಳಿದಿದೆ ತೋರಿಸಿ ಎಂದರು. ಗುರುಲಿಂಗವ್ವ ಕೈ ಮುಂದೆ ಮಾಡಿದಾಗ, ನೀವು ಬೇಡ, ಬೇರೆ ಯಾರಾದರೂ ತೋರಿಸಲಿ ಎಂದರು. ಯಾರೂ ಮುಂದೆ ಬರಲಿಲ್ಲ. ಸಾವಂತ್ರವ್ವನನ್ನು ಕರೆದರೆ ಅವಳು ಸೆರಗು ಬಿಗಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಅದರ ಮ್ಯಾಲ ನಬಿಕಾಕಾನ ಹೆಸರೈತ್ರಿ ಸಾಹೇಬರ. ಅವರು ಊರಾಗಿಲ್ಲ. ಅವರಿಲ್ಲದಾಗ ನಾವು ಹೆಂಗ ಮುಟ್ಟೂದ್ರಿ?”

ಸಾಹೇಬರಿಗೆ ಅರ್ಥವಾಗಲಿಲ್ಲ, ಆದರೆ ಇಳಕಲ್ಲಿನಲ್ಲಿ ಹುಟ್ಟಿದವರಿಗೆ ಅದರಲ್ಲಿ ಅರ್ಥವಾಗದೆ ಉಳಿಯುವಂಥದು ಏನೂ ಇಲ್ಲ. ನೇಕಾರನ ಮಗ್ಗ ಇರುವುದು ಕುಣಿಯ ಮೇಲೆ. ಆ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯಬೇಕು. ಒಬ್ಬನ ಕುಣಿಯಲ್ಲಿ ಅವನನ್ನು ಕೇಳದೆ ಇನ್ನೊಬ್ಬ ಕಾಲಿಡುವುದಿಲ್ಲ, ಅಣ್ಣತಮ್ಮಂದಿರಾದರೂ ಇಡುವುದಿಲ್ಲ. ಗುರುಲಿಂಗವ್ವ ಕಂಪ್ಯೂಟರಿನೊಳಗೆ ಒಬ್ಬೊಬ್ಬರಿಗೂ ಒಂದೊಂದು ಕುಣಿ ತೋಡಿಕೊಟ್ಟಿದ್ದಳು. ಹೆಸರಿನವರು ಇದ್ದರೆ ತೆರೆಯಬಹುದು, ಇಲ್ಲದಿದ್ದರೆ ಹೊರಗೆ ನಿಂತು ಕಾಯಬೇಕು.

ಸಾಹೇಬರು ತಾವೇ ಕುರ್ಚಿ ಎಳೆದುಕೊಂಡು, ಎಲ್ಲಕ್ಕಿಂತ ಮೇಲಿದ್ದ ಒಂದನೆಯ ಸಂಖ್ಯೆಯನ್ನು ಒತ್ತಿದರು. ಚೇರಮನ್ನರ ಹೆಸರಿನಿಂದ ಕತ್ತೆಗಳು ಒಂದೊಂದಾಗಿ ಹೊರಬಂದವು.

ಸಾಹೇಬರು ನಗಲಿಲ್ಲ. ಅದು ನಕ್ಕುದಕ್ಕಿಂತ ಕೆಟ್ಟದಾಗಿತ್ತು.

“ಮುಂದಿನ ತಿಂಗಳ ಬರ್ತೇನ್ರಿ. ನಾ ಕೈ ಮಾಡಿ ತೋರಿಸಿದವರು, ಅವರು ಯಾರರ ಆಗಲಿ, ನಾ ಕೇಳಿದ್ದನ್ನ ಇದರಾಗ ಹುಡುಕಿ ಕೊಡಬೇಕು. ಆಗಲಿಲ್ಲಂದ್ರ ಮಷೀನ ಗುಳೇದಗುಡ್ಡಕ್ಕ ಹೋಗತೈತಿ. ನನಗೇನೂ ಸಿಟ್ಟಿಲ್ಲ.”

ಆ ಸಂಜೆ ಹುನಗುಂದದಲ್ಲಿ ಬಸ್ಸಿಳಿದ ಗುರುಲಿಂಗವ್ವ ನೇರವಾಗಿ ಮನೆಗೆ ಹೋಗದೆ ಇಮಾಮಸಾಬನ ಅಂಗಡಿಯ ಹಿಂದೆ ಹೋಗಿ ಮೇಜನ್ನು ನೋಡಿಬಂದಳು. ಒಂದು ಕಾಲು ಸ್ವಲ್ಪ ಸಡಿಲಾಗಿತ್ತು. ಮೊಳೆ ಹೊಡೆಸಿಡಲೇ ಎಂದು ಇಮಾಮಸಾಬ ಕೇಳಿದ. ಅವನದು ಒಳ್ಳೆಯ ಮನಸ್ಸೇ. ಆದರೂ ಅವಳು ಚಹಾ ಕುಡಿಯದೆ ಮನೆಗೆ ನಡೆದಳು.

ನಬಿಸಾಬರು ಮರೋಳದಿಂದ ಬಂದ ಮೇಲೆ ಸಂಘದಲ್ಲಿ ದೊಡ್ಡ ಚರ್ಚೆಯಾಯಿತು. ತಾವಿದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತೆಂದು ಅವರು ಹೇಳಿದರು. ತಮ್ಮ ಹೆಸರು ಒತ್ತಿದರೆ ಕತ್ತೆಯಲ್ಲದೆ ಬೇರೇನಾದರೂ ಬರುವಂತೆ ಮಾಡಬಾರದಿತ್ತೇ ಎಂದು ಮುತ್ತಪ್ಪನವರು ಕೇಳಿದರು, ಉದಾಹರಣೆಗೆ ಆನೆ. ಗುರುಲಿಂಗವ್ವನಿಗೆ ಅಳು ಬರುವುದೊಂದು ಬಾಕಿ ಇತ್ತು. ನೀವು ನಬಿಕಾಕಾನದು ಮುಟ್ಟಿದ್ದರೆ ಏನಾಗುತ್ತಿತ್ತು, ಅವರೇನು ಹೊಡೆಯುತ್ತಿದ್ದರೇ ಎಂದು ಸಾವಂತ್ರವ್ವನ ಮೇಲೆ ಹರಿಹಾಯ್ದಳು.

ಸಾವಂತ್ರವ್ವ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ.

“ಮಗ್ಗ ಒಬ್ಬರದು ಇರತೈತಿ ತಂಗಿ, ಅದನ್ನ ಮುಟ್ಟಂಗಿಲ್ಲ. ಸೀರಿ ಯಾರದು ಹೇಳು ನೋಡೂಣು. ನನ್ನ ಕೈಯಾಗಿಂದ ನೂಲ ಹೊಕ್ಕೈತಿ, ಕಾಕಾನ ಕೈಯಾಗ ಬಣ್ಣ ಕುಡದೈತಿ, ಮಗ್ಗಕ್ಕ ಹೋಗೈತಿ, ಘಡಿ ಆಗಿ ತಿರುಗಿ ಇಲ್ಲೇ ಬಂದೈತಿ. ಅದನ್ನ ಮುಟ್ಟಬ್ಯಾಡ ಅಂತ ಯಾರರ ಅಂದಾರೇನು?”

ಇಷ್ಟು ಹೇಳಿ ಎಲೆಯನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಅವಳು ಮಾತಾಡಲಾರಳು. ಗುರುಲಿಂಗವ್ವ ಕುರ್ಚಿಗೆ ಹೋಗಿ ಕುಳಿತು, ಎಲ್ಲರ ಹೆಸರನ್ನೂ ಅಳಿಸಿದಳು. ಚೇರಮನ್ನರದನ್ನು ಮೊದಲು.

ಸೀರೆ ನಡೆದು ಬರುವ ದಾರಿಯೇ ಈಗ ಮೆನು ಆಯಿತು. ಒಂದು ನೂಲು, ಎರಡು ಬಣ್ಣ, ಮೂರು ಮಗ್ಗ, ನಾಲ್ಕು ಘಡಿ, ಎಂದರೆ ನೇಯ್ದು ಮಡಚಿಟ್ಟ ಸೀರೆ. ಆದರೆ ಹೊಸ ಉತ್ಸಾಹದಲ್ಲಿ ಗುರುಲಿಂಗವ್ವ ಅತಿ ಮಾಡಿದಳು. ಮಗ್ಗದೊಳಗೆ ಸೀರೆಯಂಚಿನ ದಡಿ, ದಡಿಯೊಳಗೆ ಗೋಮಿ ದಡಿ, ಪರಾಸಪೇಟ ದಡಿ, ಗೋಮಿಯೊಳಗೆ ರೇಷ್ಮೆಯದು ಬೇರೆ ಹತ್ತಿಯದು ಬೇರೆ, ಹಾಳೆಯೊಳಗೆ ಹಾಳೆ, ಅದರೊಳಗೊಂದು ಹಾಳೆ. ಇನ್ನೂ ಒಡೆಯುವುದು ಏನಾದರೂ ಉಳಿದಿದೆಯೇ ಎಂದು ಹುಡುಕುವಷ್ಟು ರುಚಿ ಹತ್ತಿತ್ತು.

ಅದನ್ನು ಬಿಡಿಸಿದ್ದು ಒಂದು ರವಿವಾರದ ಊಟ. ರಂಗವ್ವನ ಅಡುಗೆಮನೆಯ ಮೂಲೆಯಲ್ಲಿ ಅಡಕಲ ಗಡಿಗೆಗಳಿದ್ದವು. ಕೆಳಗೆ ದೊಡ್ಡದು, ಅದರ ಮೇಲೆ ಅದಕ್ಕಿಂತ ಸಣ್ಣದು, ಹೀಗೆ ತೊಲೆಯ ತನಕ. ಗುರುಲಿಂಗವ್ವ ರೊಟ್ಟಿಯ ಜೊತೆ ಅಗಸಿ ಹಿಂಡಿ ಕೇಳಿದಳು. ಅದು ಎಲ್ಲಕ್ಕಿಂತ ಕೆಳಗಿನ ಗಡಿಗೆಯಲ್ಲಿತ್ತು. ರಂಗವ್ವ ಒಂದೊಂದೇ ಗಡಿಗೆಯನ್ನು ಇಳಿಸಿ, ಹಿಂಡಿ ತೆಗೆದು, ಮತ್ತೆ ಒಂದರ ಮೇಲೊಂದು ಏರಿಸಿ ಬರುವಷ್ಟರಲ್ಲಿ ಮಗಳು ಬರಿಯ ರೊಟ್ಟಿ ತಿಂದು ಕೈ ತೊಳೆದಿದ್ದಳು. ದಿನಾ ಬೇಕಾಗುವುದನ್ನು ಇಷ್ಟು ಆಳದಲ್ಲಿ ಯಾಕೆ ಇಡುತ್ತೀ ಎಂದು ತಾಯಿಯನ್ನು ದಬಾಯಿಸಲು ಬಾಯಿ ತೆರೆದವಳು, ಅರ್ಧಕ್ಕೆ ನಿಲ್ಲಿಸಿ ಗಡಿಗೆಗಳನ್ನೇ ನೋಡುತ್ತ ಕುಳಿತಳು.

ಸೋಮವಾರ ಹೋಗಿ ಒಳಗಿನೊಳಗಿನ ಹಾಳೆಗಳನ್ನೆಲ್ಲ ಕಿತ್ತಳು. ಮೇಲೆ ಒಂದು ಹಾಳೆ, ಒಳಗೆ ಒಂದು ಹಾಳೆ, ಅಷ್ಟರಲ್ಲಿ ಮುಗಿಯಬೇಕು. ನೂಲಿರಲಿ ಬಣ್ಣವಿರಲಿ, ಒಳಗಿನ ಹಾಳೆಯ ಕ್ರಮ ಎಲ್ಲ ಕಡೆಯೂ ಒಂದೇ: ಮೊದಲು ಬಂದದ್ದು, ಆಮೇಲೆ ಕೊಟ್ಟದ್ದು, ಆಮೇಲೆ ಉಳಿದದ್ದು. ಎಲ್ಲಿ ಹೊಕ್ಕಿದ್ದರೂ ಸೊನ್ನೆ ಒತ್ತಿದರೆ ಬಾಗಿಲಿಗೆ ವಾಪಸು.

ಇನ್ನು ಪತ್ರ ಬರೆಯುವುದು, ಪಂಚಾಂಗ, ಕೂಡು-ಕಳೆ, ಕತ್ತೆಗಳ ಆಟ, ಇವು ಉಳಿದವು. ಇವು ನೂಲಲ್ಲ, ಬಣ್ಣವಲ್ಲ. ಸೀರೆಯ ದಾರಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ. ‘ಇತರೆ’ ಎಂದು ಹಾಕಲು ಕೈ ಹೋಯಿತು. ಅಹವಾಲುಗಳ ಕಾಲದಿಂದ ಆ ಪದವನ್ನು ಕಂಡಿದ್ದ ಅವಳಿಗೆ, ಅದರಲ್ಲಿ ಹೊಕ್ಕದ್ದು ತಿರುಗಿ ಬರುವುದಿಲ್ಲವೆಂದು ಗೊತ್ತಿತ್ತು. ಎಲ್ಲ ಮನೆಗಳ ಮುಂದೆ ಇರುವ, ಯಾರು ಬೇಕಾದರೂ ಬಂದು ಕುಳಿತು, ಹರಟಿ, ಎದ್ದು ಹೋಗಬಹುದಾದ ಜಾಗ ಯಾವುದೆಂದು ಯೋಚಿಸಿದಳು. ಐದನೆಯ ಸಂಖ್ಯೆಯ ಮುಂದೆ ‘ಕಟ್ಟಿ’ ಎಂದು ಟೈಪು ಮಾಡಿದಳು. ಮುತ್ತಪ್ಪನವರು ತಮ್ಮ ಆಟಕ್ಕೆ ಸಿಕ್ಕ ಕೊನೆಯ ಸ್ಥಾನಕ್ಕೆ ಮೊದಲು ಮುನಿಸಿಕೊಂಡರು. ಕಟ್ಟೆಯ ಮೇಲೆ ಹಿರಿಯರೇ ಅಲ್ಲವೇ ಕುಳಿತುಕೊಳ್ಳುವುದು ಎಂದು ನಬಿಸಾಬರು ಹೇಳಿದ ಮೇಲೆ ಎದ್ದು ನಿಂತಿದ್ದ ಮೀಸೆ ಮತ್ತೆ ಮಲಗಿಕೊಂಡಿತು.

ಸಾಹೇಬರು ಹೇಳಿದಂತೆ ಮುಂದಿನ ತಿಂಗಳು ಬಂದರು. ಈ ಸಲ ಚಹಾ ಕೂಡ ಆಮೇಲೆ ಎಂದರು. ಸುತ್ತ ಕಣ್ಣು ಹಾಯಿಸಿದರು. ಗುರುಲಿಂಗವ್ವ ಗೋಡೆಗೆ ಆನಿಕೊಂಡು ನಿಂತಿದ್ದಳು. ಮಾತಾಡಬಾರದೆಂದು ಅವಳಿಗೆ ಮೊದಲೇ ಹೇಳಿಯಾಗಿತ್ತು. ಸಾಹೇಬರ ಬೆರಳು ಮುತ್ತಪ್ಪನವರನ್ನು ದಾಟಿ, ನಬಿಸಾಬರನ್ನು ದಾಟಿ, ಬಾಗಿಲಲ್ಲಿ ಹೊಸ್ತಿಲಿನ ಆಚೆಗೇ ನಿಂತಿದ್ದ ಸಾವಂತ್ರವ್ವನ ಮೇಲೆ ನಿಂತಿತು. ಕೆಂಪು ಬಣ್ಣ ಎಷ್ಟು ಉಳಿದಿದೆ ತೋರಿಸಬೇಕೆಂದರು.

ಸಾವಂತ್ರವ್ವನಿಗೆ ಇಂಗ್ಲಿಷು ಅಕ್ಷರ ಒಂದೂ ಬಾರದು. ಕೇಳಿದ್ದೂ ಅವಳ ನೂಲಲ್ಲ, ನಬಿಸಾಬರ ಬಣ್ಣ.

ಸಾವಂತ್ರವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕುರ್ಚಿಯ ತುದಿಯಲ್ಲಿ ಕುಳಿತಳು. ಹಸಿರು ಸಾಲುಗಳನ್ನು ಬಹಳ ಹೊತ್ತು ನೋಡಿ, ನೂಲು ಕೊಡುವಾಗ ಗೊಣಗುವ ಹಾಗೆ ಗೊಣಗತೊಡಗಿದಳು. ಮೊದಲಿಗೆ ನೂಲು. ನೂಲಾದ ಮೇಲೆ ಬಣ್ಣಕ್ಕೆ ಹೋಗುತ್ತದೆ. ಬೆರಳು ಎರಡರ ಮೇಲೆ ಹೋಗಿ, ಅಲ್ಲೇ ನಿಂತಿತು. ಅವಳು ತಿರುಗಿ ನಬಿಸಾಬರನ್ನು ನೋಡಿದಳು.

“ನಿಮ್ಮದಲ್ರಿ ಕಾಕಾ. ಸೀರಿ ಬಣ್ಣ ನೋಡಾಕತ್ತೇನಿ.”

“ನೋಡವಾ,” ಎಂದರು ನಬಿಸಾಬರು.

ಎರಡನ್ನು ಒತ್ತಿದಳು. ಒಳಗಿನ ಹಾಳೆ ಬಂತು. ಬಂದದ್ದು, ಕೊಟ್ಟದ್ದು, ಉಳಿದದ್ದು ಎಂದು ಬೆರಳು ಮಡಚಿ ಎಣಿಸಿ ಮೂರನ್ನು ಒತ್ತಿದಳು. ಪರದೆಯ ತುಂಬ ಬಣ್ಣಗಳ ಸಾಲು ನಿಂತಿತು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಕೆಂಪು ಎಲ್ಲಿ ಎಂದು ನಬಿಸಾಬರನ್ನು ಕೇಳಿದಳು, ಮೇಲಿನದು ಎಂದು ಅವರು ನಿಂತಲ್ಲಿಂದಲೇ ಹೇಳಿದರು. ಸಾವಂತ್ರವ್ವ ಅಂಕಿಯನ್ನು ನೋಡಿ ಸಾಹೇಬರಿಗೆ ಹೇಳುವುದನ್ನೇ ಮರೆತು ಕುರ್ಚಿಯಿಂದ ಎದ್ದಳು.

“ಇಷ್ಟ ಉಳದೈತೇನು ಕೆಂಪು? ಸೆರಗಿಗೆ ಏನ ಹಾಕಾವ್ರಿದ್ದೀರಿ, ಅರಿಷಿಣ ಹಾಕತೀರೇನು? ನನಗ ಮೊದಲ ಹೇಳಬಾರದಿತ್ತ?”

ನಬಿಸಾಬರು ತಾವು ಹೇಳಿದ್ದುಂಟು, ಎಲೆ ಅಡಿಕೆಯ ನಡುವೆ ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ ಎಂದರು. ಅಡಿಕೆ ಹಾಕುವುದು ಬಾಯಿಗೆ, ಕಿವಿಗಲ್ಲ ಎಂದು ಅವಳು ಹೇಳಿದಳು. ಕೆಂಪಿನ ಸೆರಗಿಲ್ಲದೆ ಇಳಕಲ್ಲ ಸೀರೆ ಹೊರಡುವುದುಂಟೇ ಎಂದು ಮುತ್ತಪ್ಪನವರೂ ನಡುವೆ ಹೊಕ್ಕರು. ಮೂವರೂ ಪರದೆಗೆ ಬೆರಳು ತೋರಿಸುತ್ತ, ಸೊನ್ನೆ ಒತ್ತಿ ವಾಪಸು ಬಂದು, ಮಗ್ಗದೊಳಗೆ ಹೋಗಿ ಎಷ್ಟು ಸೆರಗು ಬಾಕಿ ಇವೆಯೆಂದು ನೋಡಿ, ಮತ್ತೆ ಬಣ್ಣಕ್ಕೆ ಬಂದು ಜಗಳ ಮುಂದುವರಿಸಿದರು. ಸಾಹೇಬರು ಎರಡು ಸಲ ಕೆಮ್ಮಿದರು. ಯಾರೂ ತಿರುಗಿ ನೋಡಲಿಲ್ಲ.

ಅವರು ಗುರುಲಿಂಗವ್ವ ನಿಂತಲ್ಲಿಗೆ ಬಂದು, ಮೆಲ್ಲಗೆ ಹೇಳಿದರು: “ಹೋದ ಸಲ ಮಷೀನಿಗೆ ಅಂಜಿದ್ರು. ಈಗ ಬಣ್ಣಕ್ಕ ಜಗಳ ಮಾಡಾಕತ್ತಾರ. ಇರಲಿ ಬಿಡ್ರಿ, ಇಲ್ಲೇ ಇರಲಿ.”

ಆಮೇಲೆ ಚಹಾ ಬಂತು. ಚಹಾ ಕುಡಿಯುತ್ತ ಸಾಹೇಬರು ಆ ಕತ್ತೆಗಳು ಎಲ್ಲಿ ಹೋದವೆಂದು ಕೇಳಿದರು. ಮುತ್ತಪ್ಪನವರು ಕುರ್ಚಿ ಬಿಟ್ಟುಕೊಟ್ಟು, ಕಟ್ಟೆಯ ದಾರಿ ತೋರಿಸಿ, ಕತ್ತೆ ಬಲಕ್ಕೆ ಬಂದಾಗ ಕಾರನ್ನು ಯಾವ ಕಡೆ ಹೊರಳಿಸಬೇಕೆಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಬಿಜಾಪುರದ ಬಸ್ಸು ತಪ್ಪಿತು.

ನೇಮಕದ ಆದೇಶದಲ್ಲಿ ಆ ಸಾಲು ಹಾಗೇ ಇದೆ. ಯಂತ್ರ ಇರುವವರೆಗೆ ಮಾತ್ರ. ಗುರುಲಿಂಗವ್ವ ಅದರ ಬಗ್ಗೆ ಅಹವಾಲು ಬರೆಯುವ ಗೋಜಿಗೆ ಹೋಗಲಿಲ್ಲ. ಮುಂದಿನ ವಾರ ಸಂಘಕ್ಕೆ ಪ್ರಿಂಟರ್ ಬಂತು, ಅದನ್ನು ಇಡಲು ಜಾಗವಿರಲಿಲ್ಲ. ಅವಳು ಇಮಾಮಸಾಬನ ಅಂಗಡಿಯ ಹಿಂದಿನಿಂದ ಮೇಜನ್ನು ಹೊರತೆಗೆದು, ಸಡಿಲವಾದ ಕಾಲಿಗೆ ಮೊಳೆ ಹೊಡೆಸಿ, ಈ ಸಲ ಚಹಾ ಕುಡಿದು, ಇಳಕಲ್ಲ ಬಸ್ಸಿನ ಟಾಪಿನ ಮೇಲೆ ಹೇರಿಸಿದಳು. ಕಂಡಕ್ಟರ್ ಲಗೇಜು ಎಂದು ಚೀಟಿ ಹರಿದ. ಬಸ್ಸು ಬೇವಿನ ಮರವನ್ನು ಬಳಸಿ ಹೊರಟಾಗ ಮೇಲಿನಿಂದ ಒಂದು ಕಾಗೆ ಹಳೆಯ ಪರಿಚಯದ ಗುರುತಿಗೆಂದು ಆ ಮೇಜಿನ ಮೇಲೆ ಕೊನೆಯದೊಂದು ಷರಾ ಬರೆಯಿತು. ಇಳಕಲ್ಲಿನಲ್ಲಿ ಇಳಿದ ಮೇಲೆ ಗುರುಲಿಂಗವ್ವ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪ್ರಿಂಟರನ್ನು ಅದರ ಮೇಲಿಟ್ಟು, ಕೈಯಿರುವ ಕುರ್ಚಿಯಲ್ಲಿ ಕುಳಿತಳು.